ಸ್ಮಿಯರ್ ಬಂದ ದಿನ

ವೆಸ್ಟರ್ನ್ ಬ್ಲಾಟ್ ಅಂದರೆ ಜೀವಕೋಶದ ಪ್ರೋಟೀನ್‌ಗಳನ್ನು ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಹಾಳೆಗೆ ಹತ್ತಿಸಿ, ಬೇಕಾದ ಒಂದನ್ನು ಆಂಟಿಬಾಡಿಯಿಂದ ಹುಡುಕುವ ವಿಧಾನ. ಅದನ್ನು ಮಾಡುವವರಿಗೆಲ್ಲ ಬೇಕಾದದ್ದು ಚೊಕ್ಕ ಗೆರೆ. ಬೆಳ್ಳಗಿನ ಹಾಳೆಯ ಮೇಲೆ ಒಂದು ಕಪ್ಪು ಪಟ್ಟಿ, ಅಷ್ಟೆ. ನನಗೆ ಬೇಕಾಗಿದ್ದದ್ದು ಅದರ ಉಲ್ಟಾ. ಲೇನಿನ, ಅಂದರೆ ಒಂದು ಸ್ಯಾಂಪಲ್ ಓಡುವ ಸಾಲಿನ, ಮೇಲಿನಿಂದ ಕೆಳಗೆ ಯಾರೋ ಮಸಿ ಕೈಯಲ್ಲಿ ಎಳೆದ ಹಾಗೆ ಹರಡಿಕೊಂಡ ಕಪ್ಪು ಗೀರು. ಲ್ಯಾಬಲ್ಲಿ ಅದಕ್ಕೆ ಸ್ಮಿಯರ್ ಅಂತಲೇ ಹೇಳುವುದು. ಅದನ್ನು ಕಾಣಲು ನನಗೆ ಹತ್ತು ತಿಂಗಳು ಹಿಡಿಯಿತು. ಯುಬಿಕ್ವಿಟಿನ್ ಎಂಬ ಪ್ರೋಟೀನಿನ ಕೆಲಸಕ್ಕೆ ಹೊಸದಾಗಿ ಇಳಿಯುವ ಯಾರಿಗಾದರೂ ಇದನ್ನು ಓದಿ ಒಂದು ತಿಂಗಳು ಉಳಿದರೂ ಸಾಕು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಡಿಕೆ ತೋಟ ಇದೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಈಗ ಲ್ಯಾಬಲ್ಲಿ ಮಾತು ಮಲಯಾಳ, ಬರೆಯುವುದು ಇಂಗ್ಲಿಷ್. ನಾನು ಮಾಡುವ ಕೆಲಸವನ್ನು ಕನ್ನಡದಲ್ಲಿ ಹೇಳಬೇಕಾಗಿ ಬಂದದ್ದು ಅಮ್ಮನಿಗೆ. ಅಮ್ಮನಿಗೆ ಆರು ವರ್ಷದಿಂದ ಸಂಧಿವಾತ, ರುಮಟಾಯ್ಡ್ ಆರ್ಥ್ರೈಟಿಸ್. ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಆಗುವುದಿಲ್ಲ. ಬೆಳಗ್ಗಿನ ಕಾಯಿ ಹೆರೆಯಲು ಅಪ್ಪನೇ ಕೂರುವುದು. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ನಡೆಯುತ್ತಾ ಇದೆ. ಇದರಲ್ಲಿ ಹಿಡಿತಕ್ಕೆ ಬಾರದಿದ್ದರೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ನೋಡುವ ಅಂತ ಡಾಕ್ಟರು ಹೇಳಿದ್ದರು. ಮನೆಗೆ ಬಂದು ಅಮ್ಮ ಕೇಳಿದರು, "ಟಿಎನ್‌ಎಫ್ ಅಂದ್ರೆ ಎಂತದು ಮಗಾ? ನೀನು ಫೋನಲ್ಲಿ ಅದೇ ಹೆಸರು ಹೇಳ್ತಾ ಇರ್ತಿಯಲ್ಲ?"

ಹೌದು, ನನ್ನ ಕೆಲಸ ಅದರ ಮೇಲೆಯೇ.

ಅಮ್ಮನಿಗೆ ಹೇಳಿದ ಹಾಗೇ ಹೇಳುತ್ತೇನೆ. ಟಿಎನ್‌ಎಫ್ ಅಂದರೆ ರೋಗನಿರೋಧಕ ಜೀವಕೋಶಗಳು ಹೊರಗೆ ಬಿಡುವ ಒಂದು ಸುದ್ದಿ. ಅಪಾಯ ಬಂದಿದೆ, ಎದ್ದೇಳಿ ಅಂತ. ಜೀವಕೋಶದ ಹೊರಗೋಡೆಯಲ್ಲಿ ಆ ಸುದ್ದಿ ಹಿಡಿಯುವ ಒಂದು ರಿಸೆಪ್ಟರ್ ಇರುತ್ತದೆ. ಒಳಗೆ ಎನ್‌ಎಫ್-ಕಪ್ಪಾಬಿ ಅಂತ ಒಂದು ಪ್ರೋಟೀನ್ ಸದಾ ತಯಾರಾಗಿಯೇ ಇರುತ್ತದೆ, ಆದರೆ ಹಟ್ಟಿಯಲ್ಲಿ ಕರುವನ್ನು ಕಟ್ಟಿದ ಹಾಗೆ ಅದನ್ನು ಕಟ್ಟಿ ಹಾಕಿರುತ್ತದೆ. ಆ ಹಗ್ಗದ ಹೆಸರು ಐಕಪ್ಪಾಬಿ. ಸುದ್ದಿ ಬಂದ ಕೆಲವೇ ನಿಮಿಷದಲ್ಲಿ ಹಗ್ಗ ನಾಶವಾಗುತ್ತದೆ. ಕರು ಓಡಿ ನ್ಯೂಕ್ಲಿಯಸ್ ಒಳಗೆ ಹೋಗಿ ಉರಿಯೂತದ ಜೀನ್‌ಗಳನ್ನೆಲ್ಲ ಎಬ್ಬಿಸುತ್ತದೆ. ಗಾಯ ಆದಾಗ, ವೈರಸ್ ಬಂದಾಗ ಇದು ಬೇಕೇ ಬೇಕು. ಅಮ್ಮನ ಬೆರಳಿನ ಗಂಟಿನಲ್ಲಿ ಮಾತ್ರ ಈ ಸುದ್ದಿ ನಿಲ್ಲುವುದೇ ಇಲ್ಲ. ಟಿಎನ್‌ಎಫ್ ತಡೆಯುವ ಮದ್ದುಗಳು 1998ರಿಂದ ಬಳಕೆಯಲ್ಲಿರುವುದು ಇದೇ ಕಾರಣಕ್ಕೆ.

ಈ ಎನ್‌ಎಫ್-ಕಪ್ಪಾಬಿಯನ್ನು 1986ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ರಂಜನ್ ಸೇನ್. ಡೇವಿಡ್ ಬಾಲ್ಟಿಮೋರ್ ಅವರ ಲ್ಯಾಬಲ್ಲಿ. ನಮ್ಮವರ ಹೆಸರು ಪೇಪರಿನಲ್ಲಿ ಮೊದಲು ಕಂಡಾಗ ನನಗೆ ತುಂಬ ಖುಷಿಯಾಗಿತ್ತು.

ನನ್ನನ್ನು ಈ ವಿಷಯಕ್ಕೆ ಕಟ್ಟಿ ಹಾಕಿದ್ದು ನನ್ನದೇ ಒಂದು ಬ್ಲಾಟ್. ಸೇರಿದ ಮೊದಲ ತಿಂಗಳು ಮೇಡಂ ಒಂದು ಸುಲಭದ ಪ್ರಯೋಗ ಕೊಟ್ಟರು. ಹೀಲಾ ಸೆಲ್ಸ್ ತಗೋ, ಟಿಎನ್‌ಎಫ್ ಹಾಕು, ಬೇರೆ ಬೇರೆ ನಿಮಿಷಕ್ಕೆ ನಿಲ್ಲಿಸು, ಐಕಪ್ಪಾಬಿ ಎಷ್ಟು ಉಳಿದಿದೆ ನೋಡು. ಹೀಲಾ ಅಂದರೆ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ತಾಯಿಯ ಗೆಡ್ಡೆಯಿಂದ ಅವರ ಒಪ್ಪಿಗೆ ಕೇಳದೆ ತೆಗೆದ ಜೀವಕೋಶಗಳು. ಪ್ರತಿ ಸಲ ಫ್ಲಾಸ್ಕ್ ತೆಗೆಯುವಾಗ ಅವರ ನೆನಪಾಗುತ್ತದೆ. ಮಿಲಿಲೀಟರಿಗೆ 10 ನ್ಯಾನೋಗ್ರಾಂ ಟಿಎನ್‌ಎಫ್ ಹಾಕಿದೆ. ಸೊನ್ನೆ ನಿಮಿಷದ ಲೇನಿನಲ್ಲಿ ಗಟ್ಟಿ ಗೆರೆ. 5ರಲ್ಲಿ ಸ್ವಲ್ಪ ಮಂಕು. 15ಕ್ಕೆ ಇದ್ದೂ ಇಲ್ಲದ ಹಾಗೆ. 30ರಲ್ಲಿ ಏನೂ ಇಲ್ಲ. 60ರಲ್ಲಿ ಗೆರೆ ತಿರುಗಿ ಬಂದಿತ್ತು!

ಯಾಕೆ ತಿರುಗಿ ಬಂತು ಗೊತ್ತಾ? ಎನ್‌ಎಫ್-ಕಪ್ಪಾಬಿ ನ್ಯೂಕ್ಲಿಯಸ್ ಒಳಗೆ ಹೋಗಿ ಎಬ್ಬಿಸುವ ಜೀನ್‌ಗಳಲ್ಲಿ ಐಕಪ್ಪಾಬಿಯ ಜೀನ್ ಕೂಡ ಒಂದು. ಹಗ್ಗ ಬಿಚ್ಚಿ ಓಡಿದ ಕರುವೇ ಒಳಗೆ ಕೂತು ತನಗೆ ಹೊಸ ಹಗ್ಗ ಹೊಸೆಯುತ್ತದೆ. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನನ್ನ ಕೈಯಾರೆ ಮಾಡಿದ ಹಾಳೆಯ ಮೇಲೆ ಆ ಗೆರೆ ಹೋಗಿ ಬಂದದ್ದನ್ನು ನೋಡಿದ ಮೇಲೆ ಬೇರೆ ಕೆಲಸ ಬೇಡ ಅನಿಸಿತು.

ಇನ್ನು ಯುಬಿಕ್ವಿಟಿನ್ ವಿಷಯ. ಆ ಹಗ್ಗ ನಾಶವಾಗುವುದು ಹೇಗೆ ಅನ್ನುವಲ್ಲಿ ಅದು ಬರುತ್ತದೆ. 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು. 1975ರಲ್ಲಿ ಗಿಡಿಯನ್ ಗೋಲ್ಡ್‌ಸ್ಟೈನ್ ತಂಡ ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದದ್ದು. ಎಲ್ಲಿ ಹುಡುಕಿದರೂ ಸಿಗುತ್ತದೆ ಅಂತಲೇ ಆ ಹೆಸರು ಬಂತು. ಇದನ್ನು ಇನ್ನೊಂದು ಪ್ರೋಟೀನಿಗೆ ಅಂಟಿಸಲು ಮೂರು ಕಿಣ್ವ ಬೇಕು. ಇ1 ಅದನ್ನು ತಯಾರು ಮಾಡುತ್ತದೆ, ಇ2 ಹಿಡಿದುಕೊಳ್ಳುತ್ತದೆ, ಯಾವ ಪ್ರೋಟೀನಿಗೆ ಅಂಟಿಸಬೇಕು ಅಂತ ಗುರುತಿಸುವುದು ಇ3. ನಮ್ಮ ದೇಹದಲ್ಲಿ ಇ1 ಎರಡೇ ಎರಡು. ಇ3 ಮಾತ್ರ 600ಕ್ಕೂ ಜಾಸ್ತಿ. ಹೀಗೆ ಅಂಟಿಸಿಕೊಂಡ ಪ್ರೋಟೀನನ್ನು ಪ್ರೋಟಿಯಾಸೋಮ್ ಚೂರು ಮಾಡುತ್ತದೆ. ಈ ದಾರಿಯನ್ನು ತೋರಿಸಿದ್ದಕ್ಕೆ ಆರನ್ ಚೀಹನೋವರ್, ಅವ್ರಾಮ್ ಹರ್ಷ್ಕೊ, ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು.

ತುಂಬ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಯುಬಿಕ್ವಿಟಿನ್ ಅಂದರೆ ಸಾವಿನ ಚೀಟಿ ಅಂತ. ನನಗೆ ಇದರ ಬಗ್ಗೆ ಬೇಜಾರಿದೆ, ಯಾಕಂದ್ರೆ ಚಂದ ಇರುವುದು ಉಳಿದ ಅರ್ಧದಲ್ಲಿ. ಒಂದು ಯುಬಿಕ್ವಿಟಿನ್ ಮೇಲೆ ಇನ್ನೊಂದು ಅಂಟಿ ಸರಪಳಿಯಾಗುತ್ತದೆ. ಅಂಟಲು ಲೈಸಿನ್ ಎಂಬ ಅಮೈನೋ ಆಮ್ಲದ ಏಳು ಜಾಗಗಳಿವೆ, ಜೊತೆಗೆ ತಲೆಯ ತುದಿಯ ಮೆಥಿಯೋನಿನ್, ಒಟ್ಟು ಎಂಟು. ಬಾಳೆ ನಾರಲ್ಲಿ ಅಬ್ಬಲಿಗೆ ಕಟ್ಟುವಾಗ ಹೂವು ಅದೇ ಆದರೂ ಕಟ್ಟುವ ಕ್ರಮ ಬದಲಾದರೆ ಮಾಲೆಯೇ ಬೇರೆ ಆಗುವುದಿಲ್ವಾ, ಹಾಗೆ. 48ನೇ ಲೈಸಿನ್ ಹಿಡಿದು ಕಟ್ಟಿದರೆ ಹೆಚ್ಚಾಗಿ ಚೂರಾಗುವ ದಾರಿ. ಐಕಪ್ಪಾಬಿ ಹೋಗುವುದು ಆ ದಾರಿಯಲ್ಲಿ. 63ನೇ ಲೈಸಿನ್ ಹಿಡಿದು ಕಟ್ಟಿದರೆ ಯಾರೂ ಸಾಯುವುದಿಲ್ಲ. ಆ ಸರಪಳಿ ಒಂದು ಜಗಲಿಯ ಹಾಗೆ. ಸುದ್ದಿ ಮುಂದೆ ಕಳಿಸುವ ಪ್ರೋಟೀನ್‌ಗಳು ಬಂದು ಅದರ ಮೇಲೆ ಕೂತು ಒಂದಕ್ಕೊಂದು ಮುಟ್ಟುತ್ತವೆ. 2000ದಲ್ಲಿ ಜಿಜಿಯಾನ್ ಚೆನ್ ತಂಡ ಟ್ರಾಫ್6 ಎಂಬ ಇ3 ಈ 63ರ ಸರಪಳಿ ಕಟ್ಟಿಯೇ ಸುದ್ದಿ ದಾಟಿಸುತ್ತದೆ ಅಂತ ತೋರಿಸಿತು.

ಟಿಎನ್‌ಎಫ್ ದಾರಿಯಲ್ಲಿ ಈ ಜಗಲಿ ಏಳುವ ಮುಖ್ಯ ಜಾಗ ರಿಪ್ಕೆ1 ಎಂಬ ಪ್ರೋಟೀನ್. ಟಿಎನ್‌ಎಫ್ ಬಂದು ರಿಸೆಪ್ಟರಿಗೆ ತಾಗಿದ ಕೆಲವೇ ನಿಮಿಷದಲ್ಲಿ ರಿಪ್ಕೆ1 ಮೈಮೇಲೆ ಸರಪಳಿಗಳು ಬೆಳೆಯುತ್ತವೆ. ಆಮೇಲೆ ಅವನ್ನು ಕತ್ತರಿಸಿ ಗಲಾಟೆ ತಣಿಸುವ ಕಿಣ್ವಗಳೂ ಇವೆ. ಈ ತಣಿಸುವ ಕೆಲಸದಲ್ಲಿ ದೊಡ್ಡ ಹೆಸರು ಎ20. ಎ20 ಇಲ್ಲದ ಇಲಿಗಳು ಅಂಗಾಂಗಗಳೆಲ್ಲ ಉರಿಯೂತವಾಗಿ ಎಳೆಯದರಲ್ಲೇ ಸಾಯುತ್ತವೆ. ಅದೇ ಜೀನಿನ ಹತ್ತಿರದ ಬದಲಾವಣೆಗಳಿಗೂ ಅಮ್ಮನಿಗಿರುವ ಕಾಯಿಲೆಗೂ ನಂಟು ಇದೆ ಅಂತ ಓದಿದ ದಿನ ನಾನು ಬೇರೇನೂ ಓದಲಿಲ್ಲ.

ನನ್ನ ಪ್ರಶ್ನೆ ಚಿಕ್ಕದು. ಒಂದು ಇ3 ತೆಗೆದುಹಾಕಿದರೆ ರಿಪ್ಕೆ1 ಮೇಲಿನ ಸರಪಳಿ ಏನಾಗುತ್ತದೆ? ಯಾವ ಇ3 ಅಂತ ಇಲ್ಲಿ ಹೇಳುವ ಹಾಗಿಲ್ಲ, ಪೇಪರ್ ಆಗಿಲ್ಲ. ಅದಕ್ಕೆ ಮೊದಲು ಸರಪಳಿ ಕಾಣಬೇಕಲ್ವಾ? ಸೆಲ್ಸ್ ಒಡೆದು, ಆ ರಸದಿಂದ ಆಂಟಿಬಾಡಿ ಹಾಕಿ ರಿಪ್ಕೆ1 ಮಾತ್ರ ಎಳೆದು ತೆಗೆದು, ಜೆಲ್ ಓಡಿಸಿ, ಯುಬಿಕ್ವಿಟಿನ್ ಆಂಟಿಬಾಡಿಯಲ್ಲಿ ನೋಡಬೇಕು. ಎಳೆದು ತೆಗೆಯುವ ಈ ಕೆಲಸಕ್ಕೆ ಐಪಿ ಅನ್ನುತ್ತಾರೆ. ಒಂದೊಂದು ರಿಪ್ಕೆ1ಗೆ ಒಂದೊಂದು ಉದ್ದದ ಸರಪಳಿ ಇರುವುದರಿಂದ ಒಂದು ಗೆರೆ ಬರುವುದಿಲ್ಲ. 75 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಆಸುಪಾಸಿನಿಂದ ಮೇಲಕ್ಕೆ ಪೂರ್ತಿ ಸ್ಮಿಯರ್ ಬರಬೇಕು.

ಬರಲಿಲ್ಲ.

ನವೆಂಬರಿನಲ್ಲಿ ಬರಲಿಲ್ಲ, ಜನವರಿಯಲ್ಲಿ ಬರಲಿಲ್ಲ. ಟಿಎನ್‌ಎಫ್ ಹಾಳಾಗಿದೆಯಾ ಅಂತ ನೋಡಿದರೆ ಐಕಪ್ಪಾಬಿ ಚೆನ್ನಾಗಿಯೇ ಹೋಗಿ ಬರುತ್ತಿತ್ತು. ಆಂಟಿಬಾಡಿ ಸರಿಯಿಲ್ಲ ಅಂದುಕೊಂಡು ಬೇರೆ ತರಿಸಿದೆವು. ಅದು ಬರಲು ಆರು ವಾರ. ದೊಡ್ಡ ಪ್ರೋಟೀನ್ ಜೆಲ್ಲಿನಿಂದ ಹಾಳೆಗೆ ಹತ್ತುತ್ತಿಲ್ಲವೇನೋ ಅಂತ ರಾತ್ರಿಯಿಡೀ ಟ್ರಾನ್ಸ್‌ಫರ್ ಇಟ್ಟೆ. ಪಾನ್ಸೋ ಬಣ್ಣದಲ್ಲಿ ಅದ್ದಿ ನೋಡಿದರೆ ಪ್ರೋಟೀನೆಲ್ಲ ಹತ್ತಿತ್ತು, ಕೆಂಪಗೆ ಚಂದ ಕಾಣುತ್ತಿತ್ತು. ಹಾಳೆಯನ್ನು ಬಿಸಿ ಮಾಡಿ ನೋಡಿದೆ. ಏನು ಮಾಡಿದರೂ ಐಪಿ ಲೇನ್ ಖಾಲಿ.

ಜೂನ್ ಬಂತು. ನಮ್ಮ ಕಡೆ ಮಳೆ ಅಂದರೆ ಗೋಡೆ, ಪುಸ್ತಕ, ಚಪ್ಪಲಿ ಎಲ್ಲಕ್ಕೂ ಬೂಸ್ಟು. ಇನ್‌ಕ್ಯುಬೇಟರಿನೊಳಗೂ ಬಂತು. ಒಂದು ಸೋಮವಾರ ಬೆಳಿಗ್ಗೆ ಫ್ಲಾಸ್ಕ್ ಎತ್ತಿ ಬೆಳಕಿಗೆ ಹಿಡಿದರೆ ಕೆಂಪು ಮೀಡಿಯಮ್ಮಿನಲ್ಲಿ ಹತ್ತಿಯ ಎಳೆಯ ಹಾಗೆ ಬಿಳಿ ಉಂಡೆಗಳು ತೇಲುತ್ತಿದ್ದವು. ಎಲ್ಲರ ಸೆಲ್ಸ್ ಎಸೆದೆವು. ಇನ್‌ಕ್ಯುಬೇಟರ್ ಬಿಚ್ಚಿ ಒರೆಸಿ, ಕೆಳಗಿನ ನೀರಿನ ತಟ್ಟೆಗೆ ಕಾಪರ್ ಸಲ್ಫೇಟ್ ಹಾಕಿದೆವು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮೈಲುತುತ್ತು. ಆ ವಾರವೇ ಅಪ್ಪ ಮನೆಯಲ್ಲಿ ಅಡಿಕೆಗೆ ಮದ್ದು ಬಿಡಿಸುತ್ತಿದ್ದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಫೋನಲ್ಲಿ ಹೇಳಿದೆ, "ಅಪ್ಪಾ, ನಮ್ಮಲ್ಲೂ ಮೈಲುತುತ್ತು ಹಾಕಿದ್ದು." ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆ ಬಿಟ್ಟ ಹೊತ್ತು ನೋಡಿ ಹಾಕ್ಬೇಕು, ಇಲ್ಲದಿದ್ರೆ ತೊಳ್ದು ಹೋಗ್ತದೆ" ಅಂದರು. ಆ ಮಾತು ಆಗ ಸುಮ್ನೆ ಕೇಳಿ ಬಿಟ್ಟಿದ್ದೆ. ಹೊತ್ತಿನ ವಿಷಯವೇ ನನ್ನ ತೊಂದರೆಯೂ ಆಗಿತ್ತು.

ಸುಳಿವು ಸಿಕ್ಕಿದ್ದು ನಮ್ಮ ಲ್ಯಾಬಿನ ಸೀನಿಯರ್ ಚೇಚಿಯಿಂದ (ಮಲಯಾಳದಲ್ಲಿ ಅಕ್ಕ). ಚೇಚಿ ನನ್ನ ಹಳೆಯ ಬ್ಲಾಟ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡುತ್ತಿದ್ದರು. ಐಪಿ ಲೇನ್‌ಗಳ ಪಕ್ಕದಲ್ಲಿ ಇನ್‌ಪುಟ್ ಲೇನ್ ಅಂತ ಇರುತ್ತದೆ, ಎಳೆಯುವ ಮೊದಲು ಒಂದು ಚೂರು ರಸ ತೆಗೆದಿಟ್ಟದ್ದು. ಅದರಲ್ಲಿ ಸ್ಮಿಯರ್ ಇತ್ತು. ಜೀವಕೋಶದ ಎಲ್ಲ ಪ್ರೋಟೀನ್‌ಗಳ ಯುಬಿಕ್ವಿಟಿನ್ ಸೇರಿ ಆದ ಸ್ಮಿಯರ್ ಅದು. ಅದು ಇದ್ದೇ ಇರುತ್ತದೆ ಅಂತ ನಾನು ಗಮನಿಸಿಯೇ ಇರಲಿಲ್ಲ. ಚೇಚಿ ಕೇಳಿದ್ದು ಒಂದೇ ಪ್ರಶ್ನೆ. ಇನ್‌ಪುಟ್ಟನ್ನು ನೀನು ಯಾವಾಗ ಕುದಿಸುವುದು? ಕೂಡಲೇ, ಅಂದೆ. ಐಪಿಯದ್ದು? ಮರುದಿನ ಬೆಳಿಗ್ಗೆ. ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ 4 ಡಿಗ್ರಿಯಲ್ಲಿ ತಿರುಗುತ್ತಾ ಇರುತ್ತದೆ.

ಹಾಗಾದರೆ ರಾತ್ರಿ ಏನಾಗುತ್ತಿದೆ?

ಮರುದಿನವೇ ಒಂದು ಸಣ್ಣ ಪ್ರಯೋಗ ಮಾಡಿದೆ. ಇದನ್ನು ಮೊದಲ ವಾರವೇ ಮಾಡಬೇಕಿತ್ತು. ಐಪಿ ಬೇಡ, ಬರೀ ರಸ. ನಾಲ್ಕು ಟ್ಯೂಬ್. ಒಂದನ್ನು ಕೂಡಲೇ ಕುದಿಸಿದೆ, ಒಂದನ್ನು ಐಸ್ ಮೇಲೆ ಅರ್ಧ ಗಂಟೆ ಇಟ್ಟು, ಒಂದನ್ನು ಎರಡು ಗಂಟೆ, ಕೊನೆಯದ್ದನ್ನು ರಾತ್ರಿಯಿಡೀ. ಚಿಕ್ಕ ಪ್ರೋಟೀನೂ ಉಳಿಯುವ ಹಾಗೆ ಗ್ರೇಡಿಯಂಟ್ ಜೆಲ್ಲಿನಲ್ಲಿ ಓಡಿಸಿದೆ. ಎಡದಿಂದ ಬಲಕ್ಕೆ ಸ್ಮಿಯರ್ ಕರಗುತ್ತಾ ಹೋಗಿತ್ತು. ಅದು ಕರಗಿದ ಹಾಗೆ ತಳದಲ್ಲಿ, 8.5 ಕಿಲೋಡಾಲ್ಟನ್ ಹತ್ತಿರ, ಬಿಡಿ ಯುಬಿಕ್ವಿಟಿನ್ ಗೆರೆ ದಪ್ಪವಾಗುತ್ತಾ ಬಂದಿತ್ತು. ಸರಪಳಿ ಕಳಚಿ ಮಣಿಗಳು ಕೆಳಗೆ ಬಿದ್ದಿದ್ದವು. ಹಾಗಾದರೆ ರಿಪ್ಕೆ1 ಮೇಲೂ ಸರಪಳಿ ಮೊದಲಿನಿಂದ ಇದ್ದಿರಬೇಕು. ಸೆಲ್ಸ್ ಒಡೆದಾಗ ಹೊರಬಂದ ಕತ್ತರಿಸುವ ಕಿಣ್ವಗಳು ನನ್ನ ಟ್ಯೂಬಿನಲ್ಲೇ, ನಾನು ರೂಮಿಗೆ ಹೋಗಿ ಮಲಗಿದ ಹೊತ್ತಿನಲ್ಲಿ, ಅದನ್ನು ಬಿಚ್ಚಿ ಹಾಕುತ್ತಿದ್ದವು. ತಣ್ಣಗಿದ್ದರೆ ಅವು ನಿಧಾನವಾಗುತ್ತವೆ, ನಿಲ್ಲುವುದಿಲ್ಲ.

ಆದರೆ ಅವನ್ನು ನಿಲ್ಲಿಸುವ ಮದ್ದನ್ನು ನಾನು ಹಾಕುತ್ತಲೇ ಇದ್ದೆ! ಎನ್‌ಇಎಂ, ಅಂದರೆ ಎನ್-ಈಥೈಲ್‌ಮಲೀಮೈಡ್. ಈ ಕತ್ತರಿ ಕಿಣ್ವಗಳಲ್ಲಿ ಹೆಚ್ಚಿನವಕ್ಕೆ ಕತ್ತರಿಸುವ ಜಾಗದಲ್ಲಿ ಸಿಸ್ಟೀನ್ ಎಂಬ ಗಂಧಕ ಇರುವ ಅಮೈನೋ ಆಮ್ಲ ಇರುತ್ತದೆ. ಅದರ ಗಂಧಕವನ್ನು ಎನ್‌ಇಎಂ ಹಿಡಿದುಕೊಂಡು ಬಿಡುವುದೇ ಇಲ್ಲ. ಹಾಗಾದರೆ ಯಾಕೆ ಕೆಲಸ ಮಾಡಲಿಲ್ಲ? ಫ್ರಿಜ್ಜಿನಿಂದ ಲೈಸಿಸ್ ಬಫರಿನ, ಅಂದರೆ ಸೆಲ್ಸ್ ಒಡೆಯುವ ದ್ರಾವಣದ, ಬಾಟಲಿ ತೆಗೆದು ತಿರುಗಿಸಿ ನೋಡಿದೆ. ಎಲ್ಲರೂ ಬಳಸುವ ಬಾಟಲಿ ಅದು, ಬೇರೆ ಪ್ರಯೋಗಕ್ಕೆ ಅಂತ ಮಾಡಿಟ್ಟದ್ದು. ಲೇಬಲ್ಲಿನ ಕೊನೆಯ ಸಾಲಿನಲ್ಲಿ, ನೀರು ತಾಗಿ ಅರ್ಧ ಅಳಿಸಿದ ಅಕ್ಷರದಲ್ಲಿ, ಡಿಟಿಟಿ 1 ಮಿಲಿಮೋಲಾರ್ ಅಂತ ಇತ್ತು.

ಡಿಟಿಟಿ ಅಂದರೆ ಪ್ರೋಟೀನ್‌ಗಳ ಗಂಧಕದ ಕೊಂಡಿ ಬಿಡಿಸಲು ಹಾಕುವ ರಾಸಾಯನಿಕ. ಅದರಲ್ಲೂ ಗಂಧಕ ಇದೆ. ಒಂದು ಅಣುವಿಗೆ ಎರಡು. ಎನ್‌ಇಎಂ ಕಿಣ್ವದ ಹತ್ತಿರ ಹೋಗುವ ಮೊದಲೇ ಡಿಟಿಟಿಗೆ ಹಿಡಿದುಕೊಳ್ಳುತ್ತದೆ. ನಾನು ಹಾಕುತ್ತಿದ್ದ ಎನ್‌ಇಎಂ 2 ಮಿಲಿಮೋಲಾರ್. ಡಿಟಿಟಿ 1, ಅದಕ್ಕೆ ಗಂಧಕ ಎರಡರ ಲೆಕ್ಕದಲ್ಲಿ 2. ಎರಡರಲ್ಲಿ ಎರಡು ಹೋದರೆ ಸೊನ್ನೆ. ಕೋಲ್ಡ್ ರೂಮಿನ ಬಾಗಿಲಲ್ಲಿ ನಿಂತು ಬೆರಳಲ್ಲಿ ಲೆಕ್ಕ ಮಾಡಿ, ನಂಬಲಾಗದೆ ಇನ್ನೊಮ್ಮೆ ಮಾಡಿದೆ. ಹತ್ತು ತಿಂಗಳು ನನ್ನ ಟ್ಯೂಬಿನಲ್ಲಿ ಮದ್ದು ಇರಲೇ ಇಲ್ಲ.

ಈಗ ಮಾಡುವ ಕ್ರಮ ಹೀಗೆ. ಬಫರ್ ನನ್ನದೇ, ಡಿಟಿಟಿ ಇಲ್ಲ, ಅದರ ಹಾಗೇ ಗಂಧಕ ಇರುವ ಬೀಟಾ-ಮರ್ಕ್ಯಾಪ್ಟೋಎಥನಾಲ್ ಕೂಡ ಇಲ್ಲ. ಎನ್‌ಇಎಂ 10 ಮಿಲಿಮೋಲಾರ್, ಅದೂ ಆಗಲೇ ಎಥನಾಲಿನಲ್ಲಿ ಕರಗಿಸಿದ್ದು. ನೀರಿನಲ್ಲಿ ಕರಗಿಸಿ ಇಟ್ಟರೆ ಅದು ತಾನಾಗಿ ಕೆಡುತ್ತದೆ. ಸತುವಿನಿಂದ ನಡೆಯುವ ಕೆಲವು ಕತ್ತರಿ ಕಿಣ್ವಗಳಿಗೆ ಎನ್‌ಇಎಂ ನಾಟುವುದಿಲ್ಲ, ಅದಕ್ಕಾಗಿ ಸತುವನ್ನು ಕಸಿದುಕೊಳ್ಳುವ ಇಡಿಟಿಎ. ಎಲ್ಲಕ್ಕಿಂತ ಮುಖ್ಯ, ಸೆಲ್ಸ್ ಒಡೆಯುವುದೇ ಸಾಬೂನಿನ ಹಾಗಿನ ಶೇಕಡಾ 1ರ ಬಿಸಿ ಎಸ್‌ಡಿಎಸ್‌ನಲ್ಲಿ, 95 ಡಿಗ್ರಿಯಲ್ಲಿ ಕುದಿಸಿ. ಕಿಣ್ವಗಳೆಲ್ಲ ಅಲ್ಲೇ ಮುದುಡಿ ಹೋಗುತ್ತವೆ. ಆಮೇಲೆ ಹತ್ತು ಪಾಲು ತೆಳ್ಳಗೆ ಮಾಡಿದರೆ ಆಂಟಿಬಾಡಿ ಕೆಲಸ ಮಾಡುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಕುದಿಸಿದಾಗ ರಿಪ್ಕೆ1ಗೆ ಅಂಟಿಕೊಂಡ ಬೇರೆ ಪ್ರೋಟೀನ್‌ಗಳೆಲ್ಲ ಬಿಟ್ಟು ಹೋಗುತ್ತವೆ. ಆಮೇಲೂ ಸ್ಮಿಯರ್ ಬಂದರೆ ಅದು ರಿಪ್ಕೆ1ದೇ, ಪಕ್ಕದವರದ್ದಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಓಣಂ ರಜೆಗೆ ಮುಂಚಿನ ದಿನ. ಲ್ಯಾಬಲ್ಲಿ ಅರ್ಧ ಜನ ಊರಿಗೆ ಹೊರಟಿದ್ದರು. ಹೊರಗೆ ಮಳೆ, ಕರೆಂಟು ಎರಡು ಸಲ ಹೋಗಿ ಬಂತು. ಚೇಚಿ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಇಮೇಜಿಂಗ್ ರೂಮಿಗೆ ಬಂದರು, ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ ಅಂತ. ಹಾಳೆ ಮೇಲೆ ಇಸಿಎಲ್ ಸುರಿದೆ, ಆಂಟಿಬಾಡಿ ಇರುವಲ್ಲಿ ಬೆಳಕು ಬರಿಸುವ ದ್ರಾವಣ. 10 ಸೆಕೆಂಡ್, ಏನಿಲ್ಲ. 30 ಸೆಕೆಂಡ್, ಎರಡನೇ ಲೇನಿನಲ್ಲಿ ಹೊಗೆಯ ಹಾಗೆ ಏನೋ. 60 ಸೆಕೆಂಡಿಗೆ ಬಂತು. ಸೊನ್ನೆ ನಿಮಿಷದ ಲೇನ್ ಖಾಲಿ. 5 ನಿಮಿಷದ್ದರಲ್ಲಿ 75ರ ಮೇಲಿನಿಂದ ಬಾವಿಯ ತುದಿಯವರೆಗೆ, ಅಂದರೆ ಸ್ಯಾಂಪಲ್ ಹಾಕುವ ಜೆಲ್ಲಿನ ಬಾವಿ, ಕಪ್ಪಗೆ ಸ್ಮಿಯರ್. 15ರಲ್ಲಿ ಕಡಿಮೆ. 30ರಲ್ಲಿ ಮಂಕು. ಚೇಚಿ ನನ್ನ ಭುಜ ಗಟ್ಟಿಯಾಗಿ ಹಿಡಿದರು. ಇಬ್ಬರೂ ಏನೂ ಮಾತಾಡಲಿಲ್ಲ. ನನಗೆ ಕಣ್ಣೀರು ಬಂತು.

ಮನೆಗೆ ಹೋಗಿ ಅಮ್ಮನಿಗೆ ಫೋಟೋ ತೋರಿಸಿದೆ. ಅಮ್ಮ ಕನ್ನಡಕ ಹಾಕಿ ನೋಡಿ, "ಮಸಿ ಬಟ್ಟೆಯಲ್ಲಿ ಒರಸಿದ ಹಾಗೆ ಉಂಟಲ್ಲ ಮಗಾ" ಅಂದರು. ಇದು ಜಗಲಿ ಅಮ್ಮಾ, ಸುದ್ದಿ ಬಂದ ಐದು ನಿಮಿಷಕ್ಕೆ ಏಳುವುದು, ಅರ್ಧ ಗಂಟೆಯಲ್ಲಿ ಇಳಿಯುವುದು, ಇಳಿಯದಿದ್ದರೆ ಉರಿ ನಿಲ್ಲುವುದಿಲ್ಲ ಅಂದೆ. "ಇದ್ರಿಂದ ನನ್ನ ಗಂಟಿಗೆ ಮದ್ದು ಬರ್ತದಾ?" ಅಂತ ಕೇಳಿದರು. ಇದರಿಂದ ಬರುವುದಿಲ್ಲ ಅಂತ ನಿಜವನ್ನೇ ಹೇಳಿದೆ. ಇದು ಯಾರು ಇಳಿಸುತ್ತಾರೆ ಅಂತ ಹುಡುಕುವ ಕೆಲಸ, ಮದ್ದು ಅದರಾಚೆ ಎಷ್ಟೋ ದೂರ. ಅಮ್ಮ ಫೋಟೋ ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ, "ಆದ್ರೂ ಇಳೀತದಲ್ಲ, ಇಲ್ಲಿ ಕಾಣ್ತದೆ" ಅಂತ 30 ನಿಮಿಷದ ಲೇನಿನ ಮೇಲೆ ಬೆರಳಿಟ್ಟರು.

ಒಂದು ಸಲ ಬಂದದ್ದು ಲೆಕ್ಕಕ್ಕಿಲ್ಲ, ಮೂರು ಸಲ ಹೀಗೇ ಬರಬೇಕು. ರಜೆ ಕಳೆದು ಬಂದು ಹೀಲಾ ಹರಡಿದೆ. ಎರಡನೆಯದ್ದೂ ಬಂತು. ಮೂರನೆಯದ್ದು ಈಗ ಕೋಲ್ಡ್ ರೂಮಿನಲ್ಲಿ ತಿರುಗುತ್ತಾ ಇದೆ, ಬೆಳಿಗ್ಗೆ ಎಂಟಕ್ಕೆ ಹೋಗಿ ತೊಳೆಯಬೇಕು.